ಬಿದ್ದು ಬಿದ್ದು ನಿಂತ ಸೇತುವೆ

ಒಂದೇ ಹೊಳೆ, ಒಂದೇ ಜಾಗ, ಒಬ್ಬನೇ ಮೇಸ್ತ್ರಿ. ಹತ್ತು ವರ್ಷಗಳ ಅವಧಿಯಲ್ಲಿ ಆತ ಕಟ್ಟಿದ ಸೇತುವೆ ಮತ್ತೆ ಮತ್ತೆ ಬಿತ್ತು. ಕೊನೆಗೆ 1756ರಲ್ಲಿ ಕಟ್ಟಿದ್ದು ಮಾತ್ರ ಬೀಳಲಿಲ್ಲ. ಎರಡೂವರೆ ಶತಮಾನಕ್ಕೂ ಹೆಚ್ಚು ಕಾಲ ಅದು ಹಾಗೆಯೇ ನಿಂತಿದೆ. ಅದನ್ನು ಕಟ್ಟಿದವನು ಎಂಜಿನಿಯರಿಂಗ್ ಓದಿದವನಲ್ಲ. ಬೇಸಾಯಗಾರರ ಮನೆಯ ಮಗ. ಹೊಲದ ಕಲ್ಲುಗೋಡೆ ಕಟ್ಟುತ್ತಾ ಕೆಲಸ ಕಲಿತವನು.

ಬ್ರಿಟನ್ನಿನ ಪಶ್ಚಿಮಕ್ಕಿರುವ ವೇಲ್ಸ್ ನಾಡಿನ ಪಾಂಟಿಪ್ರಿದ್ ಎಂಬಲ್ಲಿ, ಟಾಫ್ ನದಿಯ ಮೇಲೆ ಈ ಸೇತುವೆ ಇದೆ. ಕಟ್ಟಿದವನ ಹೆಸರು ವಿಲಿಯಂ ಎಡ್ವರ್ಡ್ಸ್. ದಡದಿಂದ ದಡಕ್ಕೆ ಒಂದೇ ನೆಗೆತದಲ್ಲಿ ಹಾರಿದಂತಿರುವ ಇದರ ಕಮಾನಿನ ಅಗಲ 140 ಅಡಿ. ದೊಡ್ಡ ಬಸ್ಸುಗಳನ್ನು ಒಂದರ ಹಿಂದೊಂದು ನಿಲ್ಲಿಸಿದರೆ ಸುಮಾರು ನಾಲ್ಕು ಬಸ್ಸುಗಳ ಉದ್ದ! ನಡುವೆ ಒಂದು ಕಂಬವೂ ಇಲ್ಲ. ಕಬ್ಬಿಣವಿಲ್ಲ, ಕಾಂಕ್ರೀಟ್ ಇಲ್ಲ. ಕಲ್ಲು, ಗಾರೆ ಎರಡೇ.

ಸೋತವರ ಕಥೆಯನ್ನು ಚರಿತ್ರೆ ಸಾಮಾನ್ಯವಾಗಿ ಮರೆಯುತ್ತದೆ. ಆದರೆ ಈ ಸೇತುವೆಯ ಚರಿತ್ರೆಯಲ್ಲಿ ಹಿಂದಿನ ಸೋಲುಗಳನ್ನು ತೆಗೆದುಹಾಕಿದರೆ ಕೊನೆಯ ಗೆಲುವು ಅರ್ಥವೇ ಆಗುವುದಿಲ್ಲ.

ಹೊಲದ ಗೋಡೆಯಿಂದ ಆರಂಭ

ವಿಲಿಯಂ ಎಡ್ವರ್ಡ್ಸ್ ಹುಟ್ಟಿದ್ದು 1719ರಲ್ಲಿ, ಗ್ಲಾಮೊರ್ಗನ್ ಪ್ರಾಂತದ ಎಗ್ಲ್‌ವಿಸಿಲಾನ್ ಎಂಬ ಗ್ರಾಮ ಪ್ರದೇಶದಲ್ಲಿ. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡ. ಗುಡ್ಡಗಾಡಿನ ಆ ಸೀಮೆಯಲ್ಲಿ ಹೊಲಗಳ ಸುತ್ತ ಬೇಲಿಯ ಬದಲು ಕಲ್ಲಿನ ಗೋಡೆ ಕಟ್ಟುವುದು ವಾಡಿಕೆ. ಈ ಗೋಡೆಗೆ ಗಾರೆ ಹಾಕುವುದಿಲ್ಲ. ಒಂದು ಕಲ್ಲಿನ ಮೇಲೆ ಇನ್ನೊಂದನ್ನು ಅದರ ಉಬ್ಬುತಗ್ಗು ನೋಡಿ ಕೂರಿಸಬೇಕು. ಕಲ್ಲಿನ ಭಾರವೇ ಕಲ್ಲನ್ನು ಹಿಡಿದಿಡಬೇಕು. ಮನೆಯ ಹೊಲಗಳ ಗೋಡೆ ಬಿದ್ದಾಗಲೆಲ್ಲ ಅದನ್ನು ಸರಿಪಡಿಸುವ ಕೆಲಸ ಹುಡುಗ ವಿಲಿಯಂನ ಪಾಲಿಗೆ ಬಂತು. ಅವನ ಕೈಕೆಲಸದ ಅಚ್ಚುಕಟ್ಟುತನ ಬಹುಬೇಗ ನೆರೆಹೊರೆಯವರ ಗಮನ ಸೆಳೆಯಿತು.

ಹತ್ತಿರದಲ್ಲಿ ಕಲ್ಲುಕೆಲಸದವರು ಒಂದು ಕಟ್ಟಡ ಕಟ್ಟುತ್ತಿದ್ದಾಗ ಆತ ಅಲ್ಲಿಗೆ ಹೋಗಿ ನೋಡುತ್ತಾ ನಿಲ್ಲುತ್ತಿದ್ದನಂತೆ. ಅವರು ಕಲ್ಲನ್ನು ಅಷ್ಟು ನಯವಾಗಿ ಕೆತ್ತುವುದು ತನಗೇಕೆ ಬರುವುದಿಲ್ಲ ಎಂದು ಯೋಚಿಸಿದವನಿಗೆ ಉತ್ತರ ಅವರ ಸುತ್ತಿಗೆಯಲ್ಲಿ ಸಿಕ್ಕಿತು. ಅವರ ಸುತ್ತಿಗೆಯ ಬಾಯಿಗೆ ಉಕ್ಕು ಇತ್ತು. ತಾನೂ ಅಂಥದ್ದನ್ನೇ ಮಾಡಿಸಿಕೊಂಡ. ಮುಂದೆ ಸಣ್ಣಪುಟ್ಟ ಕಟ್ಟಡಗಳ ಕೆಲಸ ಬರತೊಡಗಿತು. ಗಿರಣಿಯೊಂದನ್ನು ಕಟ್ಟುವಾಗ ಕಮಾನಿನ ಮರ್ಮ ತಿಳಿಯಿತು. ಹತ್ತಿರದ ಕೆರ್ಫಿಲಿ ಕೋಟೆಯ ಪಾಳುಗೋಡೆಗಳು ಆತನಿಗೆ ಪಾಠಶಾಲೆಯಾದವು. ಹದಿಮೂರನೇ ಶತಮಾನದ ಆ ಕೋಟೆಯ ಕಲ್ಲುಕಟ್ಟಡವನ್ನು ನೋಡಿಯೇ ತಾನು ಕಲಿತದ್ದು ಎಂದು ಆತ ಹೇಳುತ್ತಿದ್ದ. ಆತನ ಮಾತೃಭಾಷೆ ವೆಲ್ಷ್. ಇಂಗ್ಲಿಷ್ ಕಲಿತದ್ದು ಬೆಳೆದ ಮೇಲೆ, ಕಾರ್ಡಿಫ್ ಪಟ್ಟಣದಲ್ಲಿ ಕೆಲಸ ಮಾಡುವಾಗ, ತಾನು ಉಳಿದುಕೊಂಡಿದ್ದ ಮನೆಯ ಕುರುಡ ಬ್ರೆಡ್ ವ್ಯಾಪಾರಿಯಿಂದ!

ಎಡ್ವರ್ಡ್ಸ್‌ಗೆ ಇನ್ನೊಂದು ವೃತ್ತಿಯೂ ಇತ್ತು. 1745ರಿಂದ ಸಾಯುವವರೆಗೂ ಗ್ರೋಸ್‌ವೆನ್ ಎಂಬ ಹಳ್ಳಿಯ ಪ್ರಾರ್ಥನಾ ಮಂದಿರದಲ್ಲಿ ಆತ ಧರ್ಮಬೋಧಕನಾಗಿದ್ದ. ವಾರದ ದಿನಗಳಲ್ಲಿ ಕಲ್ಲು, ಭಾನುವಾರ ಉಪದೇಶ.

ಐನೂರು ಪೌಂಡಿನ ಗುತ್ತಿಗೆ

ಟಾಫ್ ದೊಡ್ಡ ನದಿಯಲ್ಲ. ಆದರೆ ಬೆಟ್ಟದ ಸಾಲಿನಲ್ಲಿ ಹುಟ್ಟಿ ಇಕ್ಕಟ್ಟಾದ ಕಣಿವೆಗಳಲ್ಲಿ ಹರಿಯುವುದರಿಂದ ಮಳೆ ಬಂದರೆ ಕೆಲವೇ ಗಂಟೆಗಳಲ್ಲಿ ಉಕ್ಕುತ್ತದೆ. ಈಗಿನ ಪಾಂಟಿಪ್ರಿದ್ ಊರು ಆಗ ಇರಲೇ ಇಲ್ಲ. ಅಲ್ಲೊಂದು ಇಲ್ಲೊಂದು ಮನೆಯಿದ್ದ ಹಳ್ಳಿಗಾಡು ಅದು. ಕುದುರೆ, ದನಕರು, ಗಾಡಿಗಳೊಂದಿಗೆ ಜನ ನೀರು ಕಡಿಮೆ ಇದ್ದಾಗ ಹೊಳೆಯಲ್ಲಿಳಿದು ದಾಟಬೇಕಿತ್ತು. ನೀರು ಬಂದರೆ ಈಚೆಯವರು ಈಚೆಗೆ, ಆಚೆಯವರು ಆಚೆಗೆ.

1746ರಲ್ಲಿ ಸುತ್ತಲಿನ ಸೀಮೆಗಳವರು ಸೇರಿ ಇಲ್ಲಿ ಸೇತುವೆ ಕಟ್ಟಿಸಲು ನಿಶ್ಚಯಿಸಿದರು. ಗುತ್ತಿಗೆ ದೊರೆತದ್ದು ಇಪ್ಪತ್ತೇಳು ವರ್ಷದ ಎಡ್ವರ್ಡ್ಸ್‌ಗೆ. ಮೊತ್ತ 500 ಪೌಂಡ್. ಜೊತೆಗೊಂದು ಕಟ್ಟುನಿಟ್ಟಾದ ಷರತ್ತು: ಸೇತುವೆ ಏಳು ವರ್ಷ ನಿಲ್ಲಬೇಕು; ಅದಕ್ಕೆ ಜಾಮೀನುದಾರರನ್ನು ಕೊಡಬೇಕು. ಅಷ್ಟರೊಳಗೆ ಬಿದ್ದರೆ ಗುತ್ತಿಗೆದಾರನೇ ಮತ್ತೆ ಕಟ್ಟಿಕೊಡಬೇಕು. ಮುಂದಿನ ಹತ್ತು ವರ್ಷ ಎಡ್ವರ್ಡ್ಸ್‌ನನ್ನೂ ಆತನನ್ನು ನಂಬಿ ಜಾಮೀನು ನಿಂತವರನ್ನೂ ಕಾಡಿದ್ದು ಇದೇ ಷರತ್ತು.

ಮೊದಲ ಸೇತುವೆ ಎಲ್ಲರೂ ಕಟ್ಟುವಂತೆಯೇ ಇತ್ತು. ಹೊಳೆಯ ನಡುವೆ ಕಂಬಗಳು, ಕಂಬಗಳ ನಡುವೆ ಸಣ್ಣ ಕಮಾನುಗಳು. ಜನ ಮೆಚ್ಚಿದರು. ಆದರೆ ಸುಮಾರು ಎರಡೂವರೆ ವರ್ಷ ಕಳೆಯುವಷ್ಟರಲ್ಲಿ ಭಾರಿ ಪ್ರವಾಹ ಬಂತು. ಬುಡಸಮೇತ ಕಿತ್ತ ಮರಗಳು, ಹುಲ್ಲು, ಕಸಕಡ್ಡಿ ಎಲ್ಲವೂ ತೇಲಿಬಂದು ಕಂಬಗಳಿಗೆ ಸಿಕ್ಕಿಕೊಂಡವು. ಸೇತುವೆಯೇ ಒಂದು ಅಣೆಕಟ್ಟಿನಂತಾಯಿತು. ಹಿಂದೆ ನಿಂತ ನೀರಿನ ಒತ್ತಡ ತಡೆಯಲಾರದೆ ಇಡೀ ಸೇತುವೆ ಕೊಚ್ಚಿಹೋಯಿತು.

ಸೇತುವೆಯನ್ನು ಕೆಡವಿದ್ದು ನೀರು ಎನ್ನುವುದಕ್ಕಿಂತ ನೀರನ್ನು ತಡೆದ ಕಂಬಗಳು ಎಂಬುದು ಎಡ್ವರ್ಡ್ಸ್‌ಗೆ ಹೊಳೆಯಿತು. ಹಾಗಾದರೆ ಹೊಳೆಯಲ್ಲಿ ಕಂಬವೇ ಬೇಡ, ದಡದಿಂದ ದಡಕ್ಕೆ ಒಂದೇ ಕಮಾನು ಹಾಕೋಣ ಎಂದು ಆತ ತೀರ್ಮಾನಿಸಿದ. ಮಾತಿಗೆ ಸುಲಭ. ಆದರೆ ಬ್ರಿಟನ್ನಿನಲ್ಲಿ ಅಂದಿನವರೆಗೆ ಯಾರೂ ಅಷ್ಟು ಅಗಲದ ಕಮಾನು ಕಟ್ಟಿರಲಿಲ್ಲ. 1750ರಲ್ಲಿ ಲಂಡನ್ನಿನಲ್ಲಿ ಥೇಮ್ಸ್ ನದಿಯ ಮೇಲೆ ಬಹಳ ಹಣ ಸುರಿದು ಕಟ್ಟಿದ ವೆಸ್ಟ್‌ಮಿನ್‌ಸ್ಟರ್ ಸೇತುವೆ ಬಳಕೆಗೆ ಬಂತು. ಅದರ ಅತಿ ದೊಡ್ಡ ಕಮಾನಿನ ಅಗಲವೇ 76 ಅಡಿ. ವೆನಿಸ್ ನಗರದ ಪ್ರಸಿದ್ಧ ರಿಯಾಲ್ಟೊ ಸೇತುವೆಯದು ಸುಮಾರು 95 ಅಡಿ. ಹಳ್ಳಿಯ ಮೇಸ್ತ್ರಿ ಹೊರಟಿದ್ದು 140 ಅಡಿಗೆ!

ಕಮಾನು ನಿಲ್ಲುವುದು ಹೇಗೆ?

ಇಲ್ಲಿ ಕಲ್ಲಿನ ಗುಣವನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಕಲ್ಲನ್ನು ಎಷ್ಟು ಅದುಮಿದರೂ ಅದು ತಡೆಯುತ್ತದೆ. ಆದರೆ ಎಳೆದರೆ ಅಥವಾ ಬಾಗಿಸಿದರೆ ಬಹುಬೇಗ ಮುರಿಯುತ್ತದೆ. ನಮ್ಮ ಹಳೆಯ ದೇವಾಲಯಗಳ ಮಂಟಪಗಳಲ್ಲಿ ಕಂಬಗಳು ಒತ್ತೊತ್ತಾಗಿ ಇರುವುದೇಕೆ? ಕಲ್ಲಿನ ತೊಲೆಯನ್ನು ಬಹಳ ಉದ್ದಕ್ಕೆ ಹಾಕಿದರೆ ಅದು ತನ್ನ ಭಾರಕ್ಕೇ ನಡುವೆ ಬಿರುಕು ಬಿಡುತ್ತದೆ. ಆದ್ದರಿಂದ ಕಂಬಗಳು ಹತ್ತಿರ ಹತ್ತಿರ ಇರಬೇಕಾಗುತ್ತದೆ.

ಕಮಾನು ಈ ತೊಡಕನ್ನು ಉಪಾಯದಿಂದ ದಾಟುತ್ತದೆ. ಬೆಣೆಯಂತೆ ಕೆತ್ತಿದ ಕಲ್ಲುಗಳನ್ನು ಬಿಲ್ಲಿನಾಕಾರದಲ್ಲಿ ಜೋಡಿಸಿದರೆ ಪ್ರತಿಯೊಂದು ಕಲ್ಲೂ ಬೀಳಲು ಹವಣಿಸಿ ಪಕ್ಕದ ಕಲ್ಲನ್ನು ಒತ್ತುತ್ತದೆ. ಎಲ್ಲವೂ ಒಂದನ್ನೊಂದು ಒತ್ತುತ್ತಾ ಭಾರವನ್ನು ಎರಡೂ ದಡಗಳಿಗೆ ಸಾಗಿಸುತ್ತವೆ. ಅಂದರೆ ಕಲ್ಲಿಗೆ ತಡೆಯಲು ಬರುವ ಅದುಮುವಿಕೆ ಮಾತ್ರ ಅಲ್ಲಿರುತ್ತದೆ. ತಡೆಯಲು ಬಾರದ ಎಳೆತ ಇರುವುದಿಲ್ಲ.

ಆದರೆ ನೆತ್ತಿಯ ಕೊನೆಯ ಕಲ್ಲು ಕೂರುವವರೆಗೆ ಕಮಾನು ಕಮಾನೇ ಅಲ್ಲ. ಅಲ್ಲಿಯವರೆಗೆ ಕಲ್ಲುಗಳನ್ನು ಹೊರಲು ಕೆಳಗೆ ಮರದ ಕಟ್ಟು ಬೇಕು. ಇಂದಿನ ಮೇಸ್ತ್ರಿಗಳು ಸೆಂಟ್ರಿಂಗ್ ಎನ್ನುವುದು ಇದನ್ನೇ. ಹೊಳೆಯ ಮೇಲೆ 140 ಅಡಿ ಅಗಲದ ಸೆಂಟ್ರಿಂಗ್ ಎಂದರೆ ಮರದಲ್ಲಿ ಮೊದಲು ಒಂದು ಸೇತುವೆ ಕಟ್ಟಿ, ಅದರ ಮೇಲೆ ಕಲ್ಲಿನ ಸೇತುವೆ ಕಟ್ಟಿದಂತೆ. ಆ ಮರದ ಕಟ್ಟಿನ ಕಾಲುಗಳು ನೀರಿನಲ್ಲೇ ಊರಿರಬೇಕು. ಕೆಲಸ ಮುಗಿಯುವ ಮೊದಲೇ ಪ್ರವಾಹ ಬಂದರೆ?

ಹಾಗೆಯೇ ಆಯಿತು. ಒಂಟಿ ಕಮಾನಿನ ಕೆಲಸ ನಡೆಯುತ್ತಿದ್ದಾಗ ಹೊಳೆ ಉಕ್ಕಿ ಮರದ ಕಟ್ಟನ್ನು ಸೆಳೆದುಕೊಂಡು ಹೋಯಿತು. ಈ ಪ್ರಸಂಗವನ್ನು ಬೇರೆಯಾಗಿ ಲೆಕ್ಕ ಹಿಡಿಯುವವರು ಎಡ್ವರ್ಡ್ಸ್ ನಾಲ್ಕು ಸಲ ಪ್ರಯತ್ನಿಸಿದನೆಂದೂ, ಹಿಡಿಯದವರು ಮೂರು ಸಲವೆಂದೂ ಬರೆದಿದ್ದಾರೆ. ಲೆಕ್ಕ ಯಾವುದಾದರೂ ಇರಲಿ, ಆತ ಮತ್ತೆ ಮರ ಕಟ್ಟಿದ, ಮತ್ತೆ ಕಲ್ಲು ಜೋಡಿಸಿದ. 1754ರಲ್ಲಿ ಕಮಾನು ಪೂರ್ತಿಯಾಯಿತು.

ನೀರಿಲ್ಲದೆ ಬಿದ್ದ ಸೇತುವೆ

ಆದರೆ ಅದೇ ವರ್ಷ ಅದೂ ಬಿತ್ತು. ಈ ಸಲ ಪ್ರವಾಹ ಬಂದಿರಲಿಲ್ಲ. ಸೇತುವೆಯನ್ನು ಅದರ ಭಾರವೇ ಬೀಳಿಸಿತ್ತು. ಬಿದ್ದ ರೀತಿಯಂತೂ ಇನ್ನೂ ವಿಚಿತ್ರ. ಸೇತುವೆ ಬಿದ್ದಿತೆಂದರೆ ನಡುಭಾಗ ಕುಸಿದಿರಬೇಕು ಎಂದೇ ಯಾರಾದರೂ ಎಣಿಸುತ್ತಾರೆ. ಇಲ್ಲಿ ನಡುಭಾಗ ಮೇಲಕ್ಕೆ ಚಿಮ್ಮಿತು! ನೆತ್ತಿಯ ಕಲ್ಲುಗಳು ತಮ್ಮ ಜಾಗದಿಂದ ಮೇಲೆದ್ದವು. ಬಿಗಿ ತಪ್ಪಿದ ಕಮಾನು ಹೊಳೆಗೆ ಉರುಳಿತು.

ಇದಕ್ಕೆ ಕಾರಣ ತಿಳಿಯಲು ಬಿದಿರಿನ ಒಂದು ಸೀಳು ಸಾಕು. ಅದನ್ನು ಬಿಲ್ಲಿನಂತೆ ಬಾಗಿಸಿ ಎರಡೂ ತುದಿಗಳನ್ನು ನೆಲಕ್ಕೆ ಊರಿ. ಈಗ ನಡುವನ್ನು ಬಿಟ್ಟು ಎರಡೂ ಪಕ್ಕದ ಹೆಗಲುಗಳನ್ನು ಅದುಮಿದರೆ ನಡುಭಾಗ ಮೇಲೇಳುತ್ತದೆ. ಎಡ್ವರ್ಡ್ಸ್‌ನ ಕಮಾನಿಗೆ ಆದದ್ದೂ ಇದೇ. ಸೇತುವೆಯ ಮೇಲೆ ಜನ ನಡೆಯಲು ದಾರಿ ಬೇಕಷ್ಟೆ. ಕಮಾನಿನ ನೆತ್ತಿಯಲ್ಲಿ ದಾರಿಗೂ ಕಮಾನಿಗೂ ನಡುವೆ ಹೆಚ್ಚು ಅಂತರವಿಲ್ಲ. ಆದರೆ ದಡದ ಕಡೆಗೆ ಕಮಾನು ಇಳಿಯುತ್ತಾ ಹೋದಂತೆ ಆ ಅಂತರ ಹೆಚ್ಚುತ್ತದೆ. ಅದನ್ನು ಕಲ್ಲುಮಣ್ಣಿನಿಂದ ತುಂಬಿಸಬೇಕು. ಹೀಗೆ ಎರಡೂ ಹೆಗಲುಗಳ ಮೇಲೆ ಭಾರಿ ತೂಕ, ನೆತ್ತಿಯ ಮೇಲೆ ಹಗುರ. ಹೆಗಲ ಭಾರ ನೆತ್ತಿಯನ್ನು ಮೇಲಕ್ಕೆ ನೂಕಿತು. ಮೂರು ಅಡಿಗೂ ಕಡಿಮೆ ದಪ್ಪವಿದ್ದ ಅಷ್ಟು ಅಗಲದ ಕಮಾನಿಗೆ ಅದನ್ನು ತಡೆಯುವ ಶಕ್ತಿ ಇರಲಿಲ್ಲ.

ಈ ಲೆಕ್ಕದ ಮೂಲಸೂತ್ರ ವಿಜ್ಞಾನಿಗಳಿಗೆ ಆಗಲೇ ಗೊತ್ತಿತ್ತು. ಇಂಗ್ಲಿಷ್ ವಿಜ್ಞಾನಿ ರಾಬರ್ಟ್ ಹುಕ್ 1675ರಲ್ಲೇ ಅದನ್ನು ಒಗಟಿನ ರೂಪದಲ್ಲಿ ಪ್ರಕಟಿಸಿದ್ದ. ಬಾಗಿಲಿಗೆ ಕಟ್ಟಿದ ಹೂವಿನ ಸರ ತಾನಾಗಿಯೇ ಒಂದು ಆಕಾರದಲ್ಲಿ ಜೋಲುತ್ತದೆ. ಆ ಆಕಾರವನ್ನು ತಲೆಕೆಳಗು ಮಾಡಿದರೆ ಅದೇ ಗಟ್ಟಿಯಾದ ಕಮಾನಿನ ಆಕಾರ ಎಂಬುದು ಅದರ ಸಾರ. ಸರದ ಎರಡು ಪಕ್ಕಕ್ಕೆ ಭಾರ ಕಟ್ಟಿದರೆ ಜೋಲುವ ಆಕಾರವೂ ಬದಲಾಗುತ್ತದೆ. ಹಾಗೆಯೇ ಎಲ್ಲೆಲ್ಲಿ ಎಷ್ಟು ಭಾರವಿದೆ ಎಂಬುದರ ಮೇಲೆ ಕಮಾನಿನ ಆಕಾರವೂ ನಿರ್ಧಾರವಾಗಬೇಕು. ಸೇತುವೆ ಮತ್ತು ರಸ್ತೆಗಳ ವಿದ್ಯೆ ಕಲಿಸಲೆಂದೇ 1747ರಲ್ಲಿ ಪ್ಯಾರಿಸ್ಸಿನಲ್ಲಿ ಒಂದು ಶಾಲೆಯೂ ಆರಂಭವಾಗಿತ್ತು. ಆದರೆ ವೇಲ್ಸಿನ ಹಳ್ಳಿಯೊಂದರ ಮೇಸ್ತ್ರಿ ಇದೇ ವಿದ್ಯೆಯನ್ನು ಬಿದ್ದ ಕಲ್ಲುಗಳ ರಾಶಿಯ ಮುಂದೆ ನಿಂತು ಕಲಿಯಬೇಕಾಯಿತು.

ಕಲ್ಲು ತೆಗೆದಾಗ ಬಂದ ಬಲ

ಬಿದ್ದದ್ದನ್ನು ಮತ್ತೆ ಕಟ್ಟುವವರು ಸಾಮಾನ್ಯವಾಗಿ ಏನು ಮಾಡುತ್ತಾರೆ? ಇನ್ನಷ್ಟು ದಪ್ಪ, ಇನ್ನಷ್ಟು ಗಟ್ಟಿ ಮಾಡುತ್ತಾರೆ. ಎಡ್ವರ್ಡ್ಸ್ ಇದಕ್ಕೆ ತದ್ವಿರುದ್ಧವಾದುದನ್ನು ಮಾಡಿದ. ಕಲ್ಲು ಹೆಚ್ಚಿಸುವ ಬದಲು ತೆಗೆದ. ಕಮಾನಿನ ಪ್ರತಿ ಹೆಗಲಿನಲ್ಲೂ ಸೇತುವೆಯ ಈ ಬದಿಯಿಂದ ಆ ಬದಿಗೆ ಹಾಯುವಂತೆ ಮೂರು ದುಂಡನೆಯ ಕಿಂಡಿಗಳನ್ನು ಬಿಟ್ಟ. ದಡದ ಕಡೆಯದು ದೊಡ್ಡದು, 9 ಅಡಿ ವ್ಯಾಸ. ನಡುವಿನದು 6 ಅಡಿ. ನೆತ್ತಿಯ ಕಡೆಯದು 3 ಅಡಿ. ಹೆಗಲ ಮೇಲಿನ ಭಾರ ಎಲ್ಲಿ ಹೆಚ್ಚಾಗಿತ್ತೋ ಅಲ್ಲಿ ದೊಡ್ಡ ಕಿಂಡಿ. ಭಾರ ಕಡಿಮೆಯಾದಂತೆ ಕಿಂಡಿಯೂ ಚಿಕ್ಕದು. ಉಳಿದ ಜಾಗವನ್ನು ತುಂಬಲು ಕಲ್ಲುಮಣ್ಣಿನ ಬದಲು ಹಗುರವಾದ ಇದ್ದಲನ್ನು ಬಳಸಿದನೆಂದೂ ಹೇಳಲಾಗಿದೆ.

ನೋಡಿದವರಿಗೆ ಈ ಕಿಂಡಿಗಳು ಅಲಂಕಾರದಂತೆ ಕಾಣುತ್ತವೆ. ಆದರೆ ಸೇತುವೆಯ ಪ್ರಾಣವಿರುವುದೇ ಅವುಗಳಲ್ಲಿ. ಹೆಗಲು ಹಗುರವಾಯಿತು, ನೆತ್ತಿ ನೆಮ್ಮದಿಯಾಗಿ ಕುಳಿತಿತು. ಕಮಾನಿನ ಅಳತೆ ಮಾತ್ರ ಮೊದಲಿನದೇ: ಅಗಲ 140 ಅಡಿ, ಎತ್ತರ 35 ಅಡಿ. ಆ ಬಾಗನ್ನು ಪೂರ್ತಿ ವೃತ್ತವಾಗಿ ಎಳೆದರೆ ಅದರ ವ್ಯಾಸ 175 ಅಡಿ ಆಗುತ್ತದೆ.

ಹೆಗಲಿನ ಭಾರ ಇಳಿಸುವ ಈ ಉಪಾಯ ಜಗತ್ತಿಗೆ ಹೊಸದೇನಲ್ಲ. ಚೀನಾದ ಝಾವೋಜೌ ಎಂಬಲ್ಲಿ ಲೀ ಚುನ್ ಎಂಬಾತ ಸುಮಾರು ಕ್ರಿ.ಶ. 605ರಲ್ಲಿ ಮುಗಿಸಿದ ಕಲ್ಲಿನ ಸೇತುವೆಯ ಹೆಗಲುಗಳಲ್ಲೂ ಎರಡೆರಡು ಸಣ್ಣ ಕಮಾನುಗಳಿವೆ. ಅದೂ ಇಂದಿಗೂ ನಿಂತಿದೆ. ಆದರೆ ಎಡ್ವರ್ಡ್ಸ್ ಈ ಉಪಾಯವನ್ನು ತಲುಪಿದ್ದು ಚೀನಾದ ದಾರಿಯಿಂದಲ್ಲ. ತನ್ನದೇ ಸೇತುವೆ ಬಿದ್ದ ದಾರಿಯಿಂದ.

1756ರಲ್ಲಿ ಕೆಲಸ ಮುಗಿಯಿತು. ಆ ವೇಳೆಗೆ ಖರ್ಚು 500 ಪೌಂಡುಗಳನ್ನು ಮೀರಿ ಎಷ್ಟೋ ದೂರ ಹೋಗಿತ್ತು. ಸೀಮೆಯ ಶ್ರೀಮಂತರು ಚಂದಾ ಕೂಡಿಸಿ ಆತನ ನೆರವಿಗೆ ಬಂದರು. ಮುಂದಿನ ನಲವತ್ತು ವರ್ಷ ಬ್ರಿಟನ್ನಿನಲ್ಲಿ ಇದಕ್ಕಿಂತ ಅಗಲವಾದ ಒಂಟಿ ಕಮಾನು ಇರಲಿಲ್ಲ. ದೂರದೂರದಿಂದ ಜನ ಬಂದು ನೋಡಿದರು. ಹೆಸರಾಂತ ಚಿತ್ರಕಾರ ರಿಚರ್ಡ್ ವಿಲ್ಸನ್ ಇದರ ಚಿತ್ರ ಬರೆದ. 1804ರಲ್ಲಿ ಬೆಂಜಮಿನ್ ಮಾಲ್ಕಿನ್ ದಕ್ಷಿಣ ವೇಲ್ಸಿನ ಬಗ್ಗೆ ಪ್ರಕಟಿಸಿದ ಪ್ರವಾಸ ಗ್ರಂಥದಲ್ಲಿ ಎಡ್ವರ್ಡ್ಸ್‌ನ ಜೀವನಕಥೆ ಸೇರಿತು. ಆತನ ಬಗ್ಗೆ ಇಂದು ತಿಳಿದಿರುವ ಬಹಳಷ್ಟು ಸಂಗತಿಗಳು ಅಲ್ಲಿಂದಲೇ ಬಂದವು.

ನಿಂತಿತು, ಆದರೆ ಏರು ಹೆಚ್ಚು

ಎಲ್ಲ ಹೊಗಳಿಕೆಯ ನಡುವೆ ಒಂದು ಸತ್ಯವನ್ನು ಮರೆಮಾಚುವಂತಿಲ್ಲ. ಸೇತುವೆ ನೋಡಲು ಚೆಂದ, ದಾಟಲು ಕಷ್ಟ. ದಡದಿಂದ ನೆತ್ತಿಗೆ ಕಡಿದಾದ ಏರು, ಅಲ್ಲಿಂದ ಅಷ್ಟೇ ಕಡಿದಾದ ಇಳಿಜಾರು. ಹೇರು ತುಂಬಿದ ಗಾಡಿಯನ್ನು ಹತ್ತಿಸಲು ಕುದುರೆಗಳು ಏದುಸಿರು ಬಿಡಬೇಕಿತ್ತು. ಇಳಿಯುವಾಗ ಗಾಡಿ ಕುದುರೆಯ ಮೇಲೇ ನುಗ್ಗುವ ಭಯ. ಅದಕ್ಕಾಗಿ ಗಾಡಿಯ ಹಿಂದೆ ಸರಪಳಿ ಬಿಗಿದು ಭಾರ ಎಳೆಸುವ ವ್ಯವಸ್ಥೆ ಮಾಡಬೇಕಾಯಿತು.

ಎಡ್ವರ್ಡ್ಸ್ ಈ ಕೊರತೆಯಿಂದಲೂ ಪಾಠ ಕಲಿತ. ದಡಗಳ ಆಸರೆ ಭದ್ರವಾಗಿದ್ದರೆ ಕಮಾನು ಇಷ್ಟು ಎತ್ತರ ಇರಬೇಕಾಗಿಲ್ಲ ಎಂದು ಕಂಡುಕೊಂಡು, ಮುಂದೆ ಕಟ್ಟಿದ ಸೇತುವೆಗಳಲ್ಲಿ ಏರನ್ನು ತಗ್ಗಿಸಿದ. ಲ್ಯಾಂಡೋವರಿ ಪಟ್ಟಣದ ಬಳಿ 1773ರಲ್ಲಿ ಕಟ್ಟಿದ ಡೊಲೌಹೀರಿಯನ್ ಸೇತುವೆ ಅಂಥದ್ದೊಂದು. ಅದರ ಕಮಾನು 84 ಅಡಿ. ಪ್ರತಿ ಹೆಗಲಿಗೆ ಒಂದೊಂದೇ ಕಿಂಡಿ. ಆತನ ಮಕ್ಕಳೂ ಸೇತುವೆ ಕಟ್ಟುವುದರಲ್ಲಿ ಹೆಸರು ಮಾಡಿದರು. 1789ರಲ್ಲಿ ಎಡ್ವರ್ಡ್ಸ್ ತೀರಿಕೊಂಡ. ತಾನು ಹುಟ್ಟಿದ ಎಗ್ಲ್‌ವಿಸಿಲಾನ್‌ನಲ್ಲೇ ಆತನ ಸಮಾಧಿಯಾಯಿತು.

ಆತನ ನಂತರ ಆ ಕಣಿವೆಯ ಸ್ವರೂಪವೇ ಬದಲಾಯಿತು. ಕಬ್ಬಿಣ, ಕಲ್ಲಿದ್ದಲಿನ ವ್ಯಾಪಾರ ಬೆಳೆಯಿತು. 1794ರಲ್ಲಿ ದೋಣಿ ಸಾಗುವ ಕಾಲುವೆ ಬಂತು. 1840ರಲ್ಲಿ ಟಾಫ್ ಕಣಿವೆಯ ರೈಲು ಬಂತು. ಸೇತುವೆಯ ಸುತ್ತ ಒಂದು ಪಟ್ಟಣವೇ ಎದ್ದಿತು. ಹೆಚ್ಚಿದ ಗಾಡಿಗಳ ಓಡಾಟಕ್ಕೆ ಈ ಗೂನುಬೆನ್ನಿನ ಸೇತುವೆ ಸಾಲದಾಯಿತು. 1857ರಲ್ಲಿ ಇದಕ್ಕೆ ಅಂಟಿಕೊಂಡಂತೆಯೇ ಮೂರು ಕಮಾನುಗಳ ಚಪ್ಪಟೆಯಾದ ವಿಕ್ಟೋರಿಯಾ ಸೇತುವೆಯನ್ನು ಸಾರ್ವಜನಿಕರ ಚಂದಾ ಹಣದಿಂದ ಕಟ್ಟಿದರು. ಹಳೆಯ ಸೇತುವೆ ನಡೆದು ಹೋಗುವವರಿಗೆ ಮೀಸಲಾಯಿತು. ವಿಚಿತ್ರವೆಂದರೆ, ಎಡ್ವರ್ಡ್ಸ್ ಬೇಡವೆಂದು ಕೈಬಿಟ್ಟಿದ್ದ ಹೊಳೆಯ ನಡುವಿನ ಕಂಬಗಳು ಹೊಸ ಸೇತುವೆಯಲ್ಲಿ ಮತ್ತೆ ಬಂದವು. ಅಕ್ಕಪಕ್ಕದಲ್ಲಿ ನಿಂತ ಎರಡೂ ಸೇತುವೆಗಳನ್ನು ನೋಡಿದರೆ ಒಂದೇ ಹೊಳೆಯನ್ನು ದಾಟುವ ಎರಡು ವಿಚಾರಗಳು ಕಣ್ಣಿಗೆ ಕಟ್ಟುತ್ತವೆ.

ಊರಿಗೇ ಹೆಸರಾದ ಸೇತುವೆ

ಸೇತುವೆಯಿಂದಾಗಿ ಆ ಊರನ್ನು ಮೊದಲು ಇಂಗ್ಲಿಷಿನಲ್ಲಿ ನ್ಯೂಬ್ರಿಜ್, ಅಂದರೆ ಹೊಸ ಸೇತುವೆ ಎಂದು ಕರೆಯುತ್ತಿದ್ದರು. ಆದರೆ ಆ ಹೆಸರಿನ ಊರುಗಳು ಬೇರೆಯೂ ಇದ್ದು, ಅಂಚೆಯವರಿಗೆ ಗೊಂದಲವಾಗುತ್ತಿತ್ತು. ಹಾಗಾಗಿ 1850ರ ದಶಕದಲ್ಲಿ ಪಾಂಟಿಪ್ರಿದ್ ಎಂಬ ವೆಲ್ಷ್ ಹೆಸರೇ ಗಟ್ಟಿಯಾಯಿತು. ಮಣ್ಣಿನ ಮನೆಯ ಬಳಿಯ ಸೇತುವೆ ಎಂಬುದು ಆ ಹೆಸರಿನ ಮೂಲ ಅರ್ಥ. ಮಣ್ಣಿನ ಮನೆ ಹೋಯಿತು, ಹೆಸರಿನಲ್ಲಿ ಮಾತ್ರ ಉಳಿಯಿತು. ಸೇತುವೆ ಹೆಸರಿನಲ್ಲೂ ಇದೆ, ಹೊಳೆಯ ಮೇಲೂ ಇದೆ. ವೇಲ್ಸಿನ ರಾಷ್ಟ್ರಗೀತೆ ಹುಟ್ಟಿದ್ದೂ ಇದೇ ಊರಿನಲ್ಲಿ. ತಂದೆ ಇವಾನ್ ಜೇಮ್ಸ್ ಪದ ಬರೆದ, ಮಗ ಜೇಮ್ಸ್ ಜೇಮ್ಸ್ ರಾಗ ಕಟ್ಟಿದ. ಅದು 1856ರಲ್ಲಿ, ಸೇತುವೆಗೆ ನೂರು ತುಂಬಿದ ವರ್ಷ.

ಇಂದು ಈ ಸೇತುವೆ ಅತ್ಯುನ್ನತ ದರ್ಜೆಯ ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿದೆ. ಅದರ ಒಂದು ತುದಿಯಲ್ಲಿ, ಹಿಂದೆ ಪ್ರಾರ್ಥನಾ ಮಂದಿರವಾಗಿದ್ದ ಕಟ್ಟಡದಲ್ಲಿ, ಊರಿನ ವಸ್ತುಸಂಗ್ರಹಾಲಯವಿದೆ. ಆದರೆ ಟಾಫ್ ನದಿ ತನ್ನ ಹಳೆಯ ಗುಣ ಬಿಟ್ಟಿಲ್ಲ. 2020ರ ಫೆಬ್ರುವರಿಯಲ್ಲಿ ಬಂದ ಡೆನಿಸ್ ಬಿರುಗಾಳಿಯ ಮಳೆಗೆ ನದಿ ಉಕ್ಕಿ ಪಾಂಟಿಪ್ರಿದ್‌ನ ಬೀದಿಗಳಿಗೂ ಮನೆ ಅಂಗಡಿಗಳಿಗೂ ನುಗ್ಗಿತು. 2024ರ ನವೆಂಬರ್‌ನಲ್ಲಿ ಬರ್ಟ್ ಬಿರುಗಾಳಿ ಬಂದಾಗ ಮತ್ತೆ ಹಾಗೆಯೇ ಆಯಿತು. ಎರಡು ಸಲವೂ ಹಳೆಯ ಕಮಾನಿನ ಕೆಳಗೆ ನೀರು ಹಾದುಹೋಯಿತು. ಅದನ್ನು ತಡೆಯಲು ಅಲ್ಲಿ ಕಂಬವಿರಲಿಲ್ಲ.

ಏಳು ವರ್ಷ ನಿಂತರೆ ಸಾಕು ಎಂದು 1746ರಲ್ಲಿ ಮುಚ್ಚಳಿಕೆ ಬರೆಸಿಕೊಂಡವರು ಕೇಳಿದ್ದರು. ಸೇತುವೆ ನಿಂತದ್ದು ಏಳರ ಮೂವತ್ತೆಂಟು ಪಟ್ಟಿಗೂ ಹೆಚ್ಚು.